ನಾಲ್ಕನೆಯದು

ಶೆಫೀಲ್ಡಿನ ವಾಕ್ಲಿ ಏರು ಹತ್ತಿ ಏದುಸಿರಿಡುತ್ತ ಬಂದರೆ
ಶನಿವಾರ ಮಧ್ಯಾಹ್ನ ಮೂರಕ್ಕೆ
ಆಕ್ರಾಯ್ಡನ ಹಳೆ ರೆಕಾರ್ಡಿನಂಗಡಿಯಲ್ಲಿ
ಕೆಟಲಿಗಿಂತ ಮೊದಲೇ ಜಗಳ ಕುದಿಯುತ್ತಿರುತ್ತದೆ.

ವಿಷಯ ಒಂದೇ. ಹನ್ನೊಂದು ವರ್ಷದಿಂದ ಅದೇ:
ಒಂದರ ಹಿಂದೆ ಒಂದು,
ನಡುವೆ ಜೊಳ್ಳು ಬಾರದ ಹಾಗೆ
ಅತಿ ಹೆಚ್ಚು ಆಲ್ಬಮ್ಮು ಕೊಟ್ಟವರು ಯಾರು?

ಐದು, ಎನ್ನುತ್ತಾಳೆ ವಿನಿಫ್ರೆಡ್, ಬಸ್ಸಿನ ಯೂನಿಫಾರಮ್ಮಿನಲ್ಲೇ,
ಆಗ್ನೆಸ್ ಪೆಂಡ್ರಿಯ ಐದು, ಬಾಣಂತನದಿಂದ ವಿಚ್ಛೇದನದವರೆಗೆ.
ಅಗಿದು ನೋಡು, ಎಲ್ಲಾದರೂ ಹಲ್ಲಿಗೆ ಕಲ್ಲು ಸಿಕ್ಕೀತೆ?
ಸಿಗುತ್ತದೆ, ಎನ್ನುತ್ತಾನೆ ಒಲುಫೆಮಿ,
ಮೂರನೆಯದರ ಎರಡನೇ ಮಗ್ಗುಲಲ್ಲಿ, ಆ ಕೊಳಲಿನ ಹಾಡು.
ಹಾಡೊಂದು ಕೆಟ್ಟರೆ ಆಲ್ಬಮ್ಮು ಕೆಡದು, ಅದು ಕಾನೂನು.
ಆಕ್ರಾಯ್ಡನೇ ಗೋಡೆಗೆ ಬರೆದಿಟ್ಟಿದ್ದಾನೆ ಸೀಮೆಸುಣ್ಣದಲ್ಲಿ:
ಲೈವ್ ಲೆಕ್ಕಕ್ಕಿಲ್ಲ.
ಕ್ರಿಸ್‌ಮಸ್ಸಿನದು ಲೆಕ್ಕಕ್ಕಿಲ್ಲ, ಕ್ಷಮೆಯೂ ಇಲ್ಲ.
ನಡುವೆ ಏಳು ವರ್ಷ ಸುಮ್ಮನಿದ್ದರೆ ಸಾಲು ಕಡಿಯಿತೆ?
ಈ ಪ್ರಶ್ನೆಗೆ ಇಬ್ಬರು ಮಾತು ಬಿಟ್ಟರು, ಒಬ್ಬ ಊರನ್ನೇ ಬಿಟ್ಟ.

ನಾನು ಹಲ್ಲಿನ ಸೆಟ್ಟು ಮಾಡುವವಳು.
ವಾರವೆಲ್ಲ ಗುಲಾಬಿ ಮೇಣದ ಒಸಡಿನಲ್ಲಿ
ಹದಿನಾಲ್ಕು ಹದಿನಾಲ್ಕು ಕೂರಿಸುತ್ತೇನೆ.
ಸಾಲೆಂದರೇನು ನನಗೆ ಗೊತ್ತು.
ಎಲ್ಲೂ ಓರೆಯಿಲ್ಲದ ಸಾಲು ಕಂಡರೆ
ಜನ ಕೂಡಲೇ ಅನ್ನುತ್ತಾರೆ: ಕಟ್ಟಿಸಿದ್ದು.
ಅದಕ್ಕೇ ಒಂದನ್ನು ತುಸು ತಿರುವುತ್ತೇನೆ, ಯಾರಿಗೂ ಹೇಳದೆ.

ನನ್ನ ಓಟು ಟ್ಯಾಲೋ ಲೇನ್ ತಂಡಕ್ಕೆ. ಇದೇ ಊರಿನವರು.
ಮೂರು ಬೆಂಕಿ, ಆಮೇಲೆ ಎರಡು ಬಂಗಾರ.
ಐದಾಯಿತಲ್ಲ, ಎಂದು ವಾದಿಸುತ್ತಿದ್ದೆ,
ನಡುವಿನ ಆ ನಾಲ್ಕನೆಯದನ್ನು ಬಿಟ್ಟು ಎಣಿಸಿ.
ನಾಲ್ಕನೆಯದು ಎಂದರೆ ಸಾಕು, ಅಂಗಡಿಗೆ ಅಂಗಡಿಯೇ ನಗುತ್ತಿತ್ತು:
ಒದ್ದೆ ರಟ್ಟು ಬಡಿದಂಥ ಡ್ರಮ್ಮು,
ಗಂಟಲು ಕಟ್ಟಿದ ಹಾಡುಗಾರ,
ಮುಖಪುಟದಲ್ಲಿ ಯಾಕೋ ಒಂದು ಬಾತುಕೋಳಿ.
ಒಂದು ಪೌಂಡಿನ ಡಬ್ಬದಲ್ಲೂ ಬಿಕರಿಯಾಗದ ಮಾಲು.

ಆದರೆ ಆಗುತ್ತಿತ್ತು.
ಈ ವಾರ ಕಂಡ ಬಾತುಕೋಳಿ ಮುಂದಿನ ವಾರ ಇರುತ್ತಿರಲಿಲ್ಲ.
ಕೊಳ್ಳುತ್ತಿದ್ದವನು ರೇಡಿಯೇಟರಿನ ಪಕ್ಕ ಕೂರುವ ಗ್ರ್ಯಾನ್‌ವಿಲ್,
ಹನ್ನೊಂದು ವರ್ಷದಲ್ಲಿ ಯಾರ ಪರವೂ ಬಾಯಿ ತೆರೆಯದವನು.
ಆ ಬಾಯ ಮೇಲುಸಾಲು ಮಾಡಿದ್ದು ನಾನೇ.

ಮೊನ್ನೆ ಒಲುಫೆಮಿ ಡ್ರಮ್ಮಿನ ಜೋಕು ತೆಗೆದಾಗ
ಗ್ರ್ಯಾನ್‌ವಿಲ್ ಚಹಾಕ್ಕೆ ಬಿಸ್ಕತ್ತು ಅದ್ದಿದ,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.
ಅರ್ಧ ತುಂಡು ಮುಳುಗಿತು.
"ಆ ಜನವರಿಯಲ್ಲಿ ಹೀಟರಿಗೆ ಹಾಕಲು ಚಿಲ್ಲರೆ ಇರಲಿಲ್ಲ,
ಕೈಗವಸು ತೊಟ್ಟೇ ಬಾರಿಸಿದೆ.
ಐದನೆಯದಕ್ಕೆ ಬೇರೆಯವನನ್ನು ಕರೆದರು."

ಇಷ್ಟೇ. ಯಾರೂ ನಗಲಿಲ್ಲ.
ಸಕ್ಕರೆ ಮುಟ್ಟದ ವಿನಿಫ್ರೆಡ್ ಎರಡು ಚಮಚ ಹಾಕಿಕೊಂಡಳು.
ಹೊರಡುವಾಗ ನನ್ನ ಚೀಲಕ್ಕೊಂದು ಬಾತುಕೋಳಿ ತುರುಕಿದ;
ಮನೆಯಲ್ಲಿ ಇನ್ನೂ ಮೂವತ್ತೊಂದು ಇವೆಯಂತೆ.

ಇಳಿಜಾರಿಳಿದು ಟ್ರಾಮು ಹಿಡಿದಾಗ
ದಾವಣಗೆರೆಯ ಗಂಗಕ್ಕತ್ತೆ ನೆನಪಾದಳು,
ಅಳಗುಳಿ ಮಣೆಯಲ್ಲಿ ನನ್ನನ್ನು ದಿನವೂ ಸೋಲಿಸಿದವಳು.
ಹುಣಿಸೆ ಬೀಜ ಒಂದೊಂದೇ ಬಿಡುತ್ತ ಬಂದು
ಮುಂದೆ ಬರಿಗುಳಿ ಕಂಡರೆ ಅವಳ ಮುಖ ಅರಳುತ್ತಿತ್ತು.
ಬರಿದನ್ನು ಬೆರಳಲ್ಲಿ ಒಮ್ಮೆ ಸವರಿ
ಅದರಾಚೆಯದನ್ನೆಲ್ಲ ಬಾಚಿಕೊಳ್ಳುತ್ತಿದ್ದಳು.
ನಡುವೆ ಬರಿದಿಲ್ಲದೆ ಬಾಚೋದು ಎಲ್ಲಿಂದಲೇ, ಪೆದ್ದಿ?

ರಾತ್ರಿ ನಾಲ್ಕನೆಯದನ್ನು ಹಾಕಿದೆ.
ಕೆಟ್ಟದ್ದೇ. ಸುಳ್ಳು ಹೇಳಲಾರೆ.
ರಟ್ಟು ರಟ್ಟೇ, ಬಾತುಕೋಳಿ ಬಾತುಕೋಳಿಯೇ.
ಎರಡನೇ ಮಗ್ಗುಲಿನ ತುದಿಗೆ ಮಾತ್ರ, ಹಾಡು ಮುಗಿದ ಮೇಲೆ,
ಯಾರೋ ಕೋಲು ಕೆಳಗಿಟ್ಟು
ಕೈ ಉಜ್ಜಿಕೊಳ್ಳುವ ಸದ್ದು,
ಉಣ್ಣೆಗೆ ಉಣ್ಣೆ.
ಸೂಜಿಯೆತ್ತಿ ಮತ್ತೆ ಅಲ್ಲಿಗೇ ಇಟ್ಟೆ.

ಶನಿವಾರ ಕೇಳುತ್ತಾರೆ, ನಿನ್ನ ಸಾಲು ಎಷ್ಟುದ್ದ ಹೇಳು.
ಮೂರು ಎನ್ನಲೆ, ಆರು ಎನ್ನಲೆ?
ಐದು ಅನ್ನಲು ಮಾತ್ರ
ಇನ್ನು ಬಾಯಿ ಬಾರದು.