ದಾರ ಕಟ್ಟಿದ ಪೆನ್ಸಿಲ್

ಹಲ್ ಎನ್ನುವುದು ಊರಿನ ಹೆಸರು ಅಂದಾಗ
ಅವ್ವ ನಕ್ಕಿದ್ದಳು:
ಹಲ್ಲಿನೂರಾಗ ಏನ ಓದತೀಯವಾ,
ಚಲೋತ್ನಾಗಿ ಅಗದು ಬಾ.
ಮೂರು ವರ್ಷ ಎಂಟು ತಿಂಗಳು.
ಅಗಿಯುತ್ತಲೇ ಇದ್ದೇನೆ.

ನನ್ನ ವಿಷಯ, ಮತ ಹಾಕದವರು.
ಹಾಕಿದವರ ಮೇಲೆ ಗ್ರಂಥಾಲಯದ ಮೂರನೇ ಮಹಡಿ ಪೂರ್ತಿ ಇದೆ,
ಹಾಕದವರಿಗೆ ಒಂದು ಅಡಿಟಿಪ್ಪಣಿ.
ಸೋಸಿದ ಮೇಲೆ ಉಳಿದ ಚರಟ.
ಅದನ್ನೇ ಕೆದರಿ ನೋಡಲು ನನಗೊಂದು ವಿದ್ಯಾರ್ಥಿವೇತನ,
ಒಂದು ರೆಕಾರ್ಡರ್.

ಬೆಲ್ಲದ ಚಹಾದ ಬಣ್ಣದ ಹಂಬರ್ ನದಿಯ ದಂಡೆಗುಂಟ
ಬಾಗಿಲು ಬಾಗಿಲು ತಟ್ಟಿದೆ.
ಮೊದಲು ನಾಯಿಗಳು ಉತ್ತರಿಸಿದವು.
ಇಲ್ಲಿ ಎಲ್ಲರೂ ನನಗೆ ‘ಲವ್’ ಎನ್ನುತ್ತಾರೆ,
ಟಿಪ್ಪಣಿ ಪುಸ್ತಕದಲ್ಲಿ ನಾನದನ್ನು
‘ತಂಗಿ’ ಎಂದು ಬರೆದುಕೊಳ್ಳುತ್ತೇನೆ.
ಆ ದಿನ ಬಸ್ಸೇ ಬರಲಿಲ್ಲ ತಂಗಿ, ಎಂದ ಒಬ್ಬ.
ಯಾವ ದಿನ? ಎಂದಳು ಇನ್ನೊಬ್ಬಳು.
ಮತ್ತೊಬ್ಬ ಏನೂ ಅನ್ನಲಿಲ್ಲ. ಧ್ವನಿಮುದ್ರಿಕೆಯಲ್ಲಿ
ಅವನ ಅಭಿಪ್ರಾಯ: ಬಾಗಿಲು.

ಮಂಗಳವಾರ ಗ್ವೆನ್ ಆಸ್ಕ್ಯೂ ಅವರ ಕೋಣೆ.
ಶುಂಠಿ ಬಿಸ್ಕತ್ತು ಚಹಾದಲ್ಲಿ ಅದ್ದಿ
ನಿನ್ನ ವಾದ ಎಲ್ಲಿದೆ? ಎನ್ನುತ್ತಾರೆ,
ಬಸ್ಸಿನಲ್ಲಿ ಬಿಟ್ಟುಬಂದ ಕೊಡೆಯ ಬಗ್ಗೆ ಕೇಳಿದ ಹಾಗೆ.
ನಾಲ್ಕನೇ ಅಧ್ಯಾಯದಲ್ಲಿ ‘ನಿರಾಸಕ್ತಿ’ ಎಂದಿದ್ದೆ,
ಹಸಿರು ಶಾಯಿಯಲ್ಲಿ ಸುತ್ತು ಹಾಕಿದರು.
‘ನಿರಾಕರಣೆ’ ಎಂದು ತಿದ್ದಿದೆ,
ಅದಕ್ಕೂ ಒಂದು ಸುತ್ತು.
ಈ ಎರಡು ಪದಗಳ ನಡುವೆ
ಒಂದು ಚಳಿಗಾಲ ಕಳೆಯಿತು.

ಬೆರಿಲ್ ಪಿಂಡರ್‌ಗೆ ಎಂಬತ್ತೊಂದು.
ಮೂವತ್ತೆಂಟು ವರ್ಷ ಮೀನು ಸೀಳಿದ ಕೈ,
ಬೇಸಿಗೆಯಲ್ಲೂ ಬೆಚ್ಚಗಾಗುವುದಿಲ್ಲವಂತೆ.
ಅಂಗಡಿಯಿಂದ ತಂದ ಬಿಸಿ ಪ್ಯಾಟಿಯನ್ನು
ಇಬ್ಬಾಗ ಮಾಡಿ ನನ್ನ ಮುಂದಿಟ್ಟು ಹೇಳಿದಳು:
ಅಪ್ಪನ ಬೋಟು ಬರಲಿಲ್ಲ,
ಓಟು ಕೇಳುವವರು ಬಂದರು.
ಅವಳು ಹೇಳಿದ್ದು ಇಂಗ್ಲಿಷಿನಲ್ಲಿ.
ಪ್ರಾಸ ಕೇಳಿಸಿದ್ದು ನನ್ನ ಕಿವಿಗೆ ಮಾತ್ರ.
ಇದನ್ನು ಯಾವ ಪುಟದಲ್ಲಿ ಉಲ್ಲೇಖಿಸಲಿ?

ನೀನು ಹಾಕುತ್ತೀಯಾ?
ನಾನು ಹೊರಗಿನವಳು, ಎಂದೆ.
ನಿಮ್ಮದು ನಮ್ಮ ಹಳೇ ಲೆಕ್ಕದ ದೇಶ, ನಿನಗೂ ಉಂಟು,
ಎಂದಳು, ಖಾರದ ಪುಡಿ ಉದುರಿಸುತ್ತ.

ಗೊತ್ತಿತ್ತು ನನಗೆ.
ಎರಡನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ,
ಕಾಮನ್‌ವೆಲ್ತ್ ಪ್ರಜೆಗಳ ಹಕ್ಕು, ಪುಟ ಅರವತ್ತೊಂದು.
ನಗರಸಭೆಯಿಂದ ಮೂರು ಪತ್ರ ಬಂದಿದ್ದವು,
ಒಂದು ಕುಕ್ಕರಿನ ಕೆಳಗೆ
ದುಂಡಗೆ ಸುಟ್ಟ ಗುರುತು ಹೊತ್ತು ಕೂತಿತ್ತು.
ಊರ ಪಟ್ಟಿಯಲ್ಲೂ ನನ್ನ ಹೆಸರು ಇನ್ನೂ ಇದೆ,
ಅಲ್ಲಿಯೂ ನಾನು ಹೋಗಿಲ್ಲ.

ನೀಲವ್ವ ಚಿಗವ್ವ ಪಂಚಾಯ್ತಿ ಮೆಂಬರು.
ಸಹಿ ಮಾಡುತ್ತಿದ್ದವನು ಕಾಕಾ,
ಸಭೆಯಲ್ಲಿ ಕೂರುತ್ತಿದ್ದವನೂ ಕಾಕಾ.
ಆದರೆ ಓಟಿನ ಶಾಯಿ ಅವಳ ಬೆರಳಿಗೆ.
ಆ ವಾರ ಪೂರ್ತಿ ಪಾತ್ರೆ ತೊಳೆಯುವಾಗ
ಆ ಒಂದು ಬೆರಳನ್ನು
ನೀರಿನಿಂದ ಮೇಲೆತ್ತಿ ಹಿಡಿದಿರುತ್ತಿದ್ದಳು.

ಮೇ ತಿಂಗಳ ಗುರುವಾರ, ಚರ್ಚಿನ ಹಾಲು,
ಮೂಲೆಯಲ್ಲಿ ಮಕ್ಕಳ ಆಟದ ಸಾಮಾನು.
ಪಾಸ್‌ಪೋರ್ಟ್ ತೋರಿಸಿದೆ.
ಪಟ್ಟಿಯ ಮೇಲೆ ಅಳತೆಪಟ್ಟಿ ಇಟ್ಟು
ಸಾಲು ಸಾಲು ಕೆಳಗಿಳಿದ ಮುದುಕ
‘ದಾಕ್ಷಾಯಣಿ’ ಎಂಬಲ್ಲಿ ನಿಂತು ಉಸಿರು ತೆಗೆದುಕೊಂಡ.
ಹಲಗೆಯ ಮರೆಯಲ್ಲಿ, ಕದಿಯದಿರಲಿ ಎಂದೋ ಏನೋ,
ದಾರ ಕಟ್ಟಿದ ಮೋಟು ಪೆನ್ಸಿಲ್.
ಪೆನ್ಸಿಲ್! ಒರೆಸಿದರೆ ಹೋಗುವಂಥದು.
ಎರಡು ಗೀಟು ಎಳೆದೆ, ಒಂದರ ಮೇಲೊಂದು,
ಮಡಚಿ ಹಾಕಿದೆ. ಅಷ್ಟೇ.

ಹಿಂತಿರುಗುವಾಗ ಬೆರಿಲ್ ಮನೆಯ ಕಿಟಕಿ.
ಟಿವಿ ನೀಲಿ ಬೆಳಕು, ಮುಂದೆ ಅವಳು.
ಅವಳು ಹೋಗಿರಲಿಲ್ಲ, ಹೋಗುವವಳೂ ಅಲ್ಲ.
ಕೈ ಬೀಸಿದೆ. ಬೀಸಿದಳು.
ಹಸಿರು ಸುತ್ತಿನೊಳಗೆ ಕೂರುವ ಪದ
ಇನ್ನೂ ಸಿಕ್ಕಿಲ್ಲ.
ಮಂಗಳವಾರಕ್ಕೆ ಐದು ದಿನ.

ರಾತ್ರಿ ಪಾತ್ರೆ ತೊಳೆಯುತ್ತಿದ್ದೆ.
ಕಲೆಯಿಲ್ಲದ ಎಡಗೈ ತೋರುಬೆರಳು
ನೊರೆಯಿಂದ ಮೇಲೆದ್ದು ನಿಂತಿದ್ದು
ನೀರು ಆರುವವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ.