ಅಗಸಿ ಎಣ್ಣೆ

ಇಪ್ಪತ್ತೊಂದು ವರ್ಷ ವಾಸ್ಕೋದಲ್ಲಿ ನಾನು ಬಣ್ಣ ಬಳಿದದ್ದು
ಅದಿರು ಹೊರುವ ಬಾರ್ಜುಗಳ ಹೊಟ್ಟೆಗೆ.
ಕೆಂಪು ಆಕ್ಸೈಡು, ಡಬ್ಬಿಗಟ್ಟಲೆ.
ತುಕ್ಕು ಕೆರೆ, ಒರೆಸು, ಬಳಿ, ಮತ್ತೆ ಬಳಿ.
ಗೆರೆ ಮಾತ್ರ ನನ್ನದು ನೆಟ್ಟಗೆ:
ನೀರು ಎಲ್ಲಿಗೆ ಬಂದರೆ ಭಾರ ಸಾಕು
ಎಂದು ಹೇಳುವ ಆ ಗೆರೆಯನ್ನು
ದಾರ ಹಿಡಿಯದೆ ಎಳೆಯುತ್ತಿದ್ದೆ.

ಚಿಖಲಿಯ ಮುದುಕಿ ಎರ್ಮೆಲಿಂಡಾ
ಮಳೆಗೆ ಮುಂಚೆ ಕಿಟಕಿಗೆ ಬಣ್ಣ ಹೊಡೆಯಲು ಕರೆಸಿದಳು.
ಗಾಜಿಗೆ ಹನಿ ತಾಗಿಸದೆ ಮುಗಿಸಿದೆ.
ಕೂಲಿ ಎಣಿಸಿ ಕೊಟ್ಟಳು. ಆಮೇಲೆ, ಏನನ್ನಿಸಿತೋ,
ಒಳಗಿಂದ ಸಣ್ಣ ಕುಂಚ ತಂದು
ಅರ್ಧ ಕೊಂಕಣಿ, ಅರ್ಧ ಸನ್ನೆಯಲ್ಲಿ
ಇದರಲ್ಲಿ ಎಳೆ ನೋಡೋಣ ಅಂದಳು.

ಬಾಟಲಿಯ ಬಿರಡೆ ತೆಗೆದಾಗ
ಆ ಕೋಣೆಯಲ್ಲಿ ನಮ್ಮವ್ವ ನಿಂತಿದ್ದಳು,
ಹುರಿದ ಅಗಸಿ ಒಳ್ಳಿಗೆ ಹಾಕಿ,
ಬೆಳ್ಳುಳ್ಳಿ ಇನ್ನೂ ಬಿದ್ದಿರಲಿಲ್ಲ.
ಇದು ಅಗಸಿ ಎಣ್ಣೆ ಅಲ್ಲೇನ್ರಿ ಅಂದೆ.
ಲಿನ್ಸೀಡ್ ಅಂದಳು.
ರೊಟ್ಟಿಗೆ ಹಚ್ಚೋದನ್ನ
ಇವರು ಬಟ್ಟೆಗೆ ಹಚ್ಚುತ್ತಾರೆ!

ಮೊದಲ ಪೇರಲ ಹಣ್ಣು ಬಾರ್ಜಿನ ಹಾಗೇ ಬಂತು:
ಸುತ್ತ ಗೆರೆ, ಒಳಗೆ ಒಂದೇ ಹಸಿರು, ಎಲ್ಲೂ ಸಂದಿಲ್ಲ.
ಮುಳುಗಲಾರದ ಪೇರಲ.
ಅವಳು ಚೂರಿ ತೆಗೆದು ಕೆರೆದಳು.
ಎರಡನೆಯದನ್ನೂ. ಆರನೆಯದನ್ನೂ.
ಭಾನುವಾರ ಇಗರ್ಜಿಯಿಂದ ಬಂದು
ಟೋಪಿ ತೆಗೆಯುವ ಮೊದಲೇ ಕೆರೆಯುತ್ತಿದ್ದಳು.
ನನಗೆ ಸಿಟ್ಟು.
ಹಚ್ಚಿದ್ದನ್ನು ತೆಗೆದರೆ ದಿನಗೂಲಿ ಯಾರು ಕೊಡುತ್ತಾರೆ?

ಕಪ್ಪು ಟ್ಯೂಬು ಕಪಾಟಿನಲ್ಲಿಟ್ಟು ಬೀಗ ಜಡಿದಳು.
ಕತ್ತಲೆ ಬೇಕಾದರೆ ನೀನೇ ಮಾಡಿಕೋ.
ನೀಲಿಗೆ ಸುಟ್ಟ ಕಂದು ಬೆರೆಸಿ, ಬೆರೆಸಿ,
ಒಂದು ಸಂಜೆ ಬಾರ್ಜಿನ ಒಳಹೊಟ್ಟೆಯ ಕತ್ತಲೆ ಸಿಕ್ಕಿತು,
ಟಾರ್ಚು ಆರಿದಾಗ ಕಂಡಿದ್ದದ್ದು.
ಅದರೊಳಗೆಲ್ಲೋ ಬೆಚ್ಚಗಿತ್ತು.
ಆಗ ತಿಳಿದಿರಲಿಲ್ಲ, ಬರೀ ಹೆದರಿದ್ದೆ.

ಜುಲೈಯಲ್ಲಿ ಏನೂ ಒಣಗಲಿಲ್ಲ:
ಒಗೆದ ಚಡ್ಡಿ, ಡಬ್ಬಿಯ ಉಪ್ಪು, ನನ್ನ ಪೇರಲ.
ಅಲ್ಲಿ ಡಾಕಿನಲ್ಲಿ ಒಣಗದಿದ್ದರೆ ಮುಕಾದಮ ಬೈಯುತ್ತಿದ್ದ;
ಇಲ್ಲಿ ಒಣಗದಿರುವುದೇ ಉಪಕಾರ.
ವಾರ ಬಿಟ್ಟು ಬೆರಳಿಟ್ಟರೂ
ಹೋದ ವಾರದ ತಪ್ಪು ಮೆತ್ತಗೇ ಇರುತ್ತಿತ್ತು.
ಮೊದಲು ಬಡಕಲು ಬಣ್ಣ, ಮೇಲೆ ಎಣ್ಣೆ ಕುಡಿದದ್ದು,
ತಿರುವುಮುರುವಾದರೆ ಬಿರುಕು.
ಹೀಗೆ ಕೈಗೆ ಗೊತ್ತಿದ್ದದ್ದು
ಒಂದೊಂದಾಗಿ ನನಗೂ ಗೊತ್ತಾಗತೊಡಗಿತು.

ಎರಡನೆಯ ಮಳೆಗಾಲ ಕಳೆದು
ಬಾಳವ್ವನ ಸಿಂಬಿ ಬರೆದೆ.
ನನ್ನ ಹೆಂಡತಿ ಅದನ್ನು ತಲೆಯ ಮೇಲಿಟ್ಟು
ಗಾರೆಬುಟ್ಟಿ ಹೊರುತ್ತಾಳೆ, ಮೂರು ಮಹಡಿ.
ಗೂಟಕ್ಕೆ ತೂಗಿದಾಗಲೂ ಅದರಲ್ಲಿ
ಬುಟ್ಟಿ ಕೂತ ತಗ್ಗು ಹಾಗೇ ಇರುತ್ತದೆ.
ಆ ತಗ್ಗಿಗೇ ನಾಲ್ಕು ಭಾನುವಾರ ಹಿಡಿಯಿತು.
ಎರ್ಮೆಲಿಂಡಾ ಕನ್ನಡಕ ಏರಿಸಿ ನೋಡಿದಳು,
ಚೂರಿ ಎತ್ತಿದಳು.

ಬ್ಯಾಡ್ರಿ. ಇರ್ಲಿ.

ಬಾಯಿಂದ ಬಂದೇಬಿಟ್ಟಿತ್ತು.
ಯಾವ ಸಾಹೇಬನಿಗೂ ಬ್ಯಾಡ ಅಂದವನಲ್ಲ ನಾನು.
ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು.
ಎಡಗಡೆ ಮೂಲೆ?
ಅದೂ ಇರ್ಲಿ.
ಚೂರಿ ಫ್ರಾಕಿಗೆ ಒರೆಸಿಕೊಂಡು
ಚಹಾಕ್ಕೆ ನೀರಿಡಲು ಹೋದಳು.
ನನ್ನ ಮೊಣಕಾಲು ನಡುಗುತ್ತಿತ್ತು.

ಎಡಗಡೆ ಮೂಲೆ ಸರಿಯಿರಲಿಲ್ಲ.
ರಾತ್ರಿ ಝುವಾರಿನಗರದ ಖೋಲಿಯಲ್ಲಿ
ಬಾಳವ್ವ ಮಲಗಿದ ಮೇಲೆ
ಈರುಳ್ಳಿ ಹೆಚ್ಚುವ ಚಾಕುವಿನಿಂದ
ಅಷ್ಟನ್ನೇ ನಾನೇ ಕೆರೆದೆ.

ಬೆಳಿಗ್ಗೆ ಕೆಲಸಕ್ಕೆ ಹೊರಟವಳು
ಗೂಟದ ಸಿಂಬಿ ತೆಗೆದುಕೊಂಡು ತಿರುಗಿ,
ಚಿತ್ರದ ಮುಂದೆ ನಿಂತಳು.
ಅಯ್ಯ, ನನ್ನ ಸಿಂಬಿ ಇಷ್ಟ ಹಳೇದಾಗೇತಿ?
ಹೊರಗೆ ಟೆಂಪೋ ಹಾರ್ನು ಹೊಡೆಯಿತು.
ಮತ್ತೂ ನಿಂತಳು.
ಆಮೇಲೆ ಹಸಿ ಬಣ್ಣಕ್ಕೆ ತಾಗದಂತೆ
ಸೆರಗು ಮಡಚಿ ಹಿಡಿದು,
ಓರೆಯಾಗಿ ದಾಟಿ ಹೋದಳು.