ಕುರ್ಚಿ ಹಾಕುವವನ ಲೆಕ್ಕ

ಹದಿನಾಲ್ಕು ಕುರ್ಚಿ. ಶಾಮಿಯಾನದ ಜಬೀವುಲ್ಲಾ
ಬಾಡಿಗೆ ಬೇಡ ಅಂದ. ಒಂದರ ಕಾಲು ಮಾತ್ರ ಕುಂಟು.
ಅದು ಯಾರಿಗೆ ಅನ್ನೋದೇ
ನನ್ನ ಮೊದಲ ಪ್ರಶ್ನೆ.

ನಡೆದೇ ಊದಿದವರು ಇವರು.
ಗುತ್ತಲು ರಸ್ತೆ, ಪೇಟೆ ಬೀದಿ, ಚಪ್ಪರದ ಬಾಗಿಲು:
ಸದ್ದು ಮುಂದೆ ಹೋಗಿ ದಾರಿ ಬಿಡಿಸೋದು,
ಹಿಂದಿನಿಂದ ಇವರು.
ಕೂತು ನುಡಿಸಿ ಅಂತ ಮಂಡ್ಯದಲ್ಲಿ
ಯಾರೂ ಅಂದಿರಲಿಲ್ಲ, ಈ ಸಲದವರೆಗೆ.

ಬೆಲ್ಲದ ಮಂಡಿ ಹಿಂದಿನ ಗೋದಾಮು, ಮೇಲೆ ಜಿಂಕ್ ಶೀಟು.
ಇನ್ನಾಸಪ್ಪ ಮೇಷ್ಟ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ
ಎರಡು ಲಾಳ ಬರೆದರು.
"ಹಾಕು" ಅಂದರು. ಹಾಕಿದೆ.

ಟ್ರಂಪೆಟ್ಟು ನೋಡಿದ ಕಡೆಗೇ ಕೂಗುತ್ತೆ,
ಮುಂದಿನವನ ಹೆಗಲ ಮೇಲಿಂದ ಬೈದ ಹಾಗೆ.
ಹಾರ್ನಿನ ಬಾಯಿ ಹಿಂದಕ್ಕೆ; ಅದು ಹೇಳಿದ್ದನ್ನು
ಗೋಡೆ ಹೇಳಬೇಕು.
ಟ್ಯೂಬಾ ಸೂರಿನ ಜೊತೆ ಮಾತಾಡುತ್ತೆ,
ಶೀಟಿನ ಮೊಳೆಗಳೆಲ್ಲ ಹೂಂಗುಟ್ಟುತ್ತವೆ.
ಟ್ರಾಂಬೋನಿನ ಮುಂದೆ ಎರಡು ಮೊಳ ಬಿಡದಿದ್ದರೆ
ಕ್ಲಾರಿನೆಟ್ ನಂಜಯ್ಯನ ಬುರುಡೆಗೆ ಪೆಟ್ಟು.

ಮೂಟೆ ತುಂಬಿದ್ದಾಗ ಗೋಡೆ ಸದ್ದನ್ನು ನುಂಗಿ
ಸುಮ್ಮನಿರುತ್ತೆ. ಮೂಟೆ ಹೋದರೆ
ಅದೇ ಗೋಡೆ ಎದುರುತ್ತರ ಕೊಡುತ್ತೆ.
ಗುರುವಾರ ಲಾರಿ ಬಂದು ನಲವತ್ತು ಮೂಟೆ ಒಯ್ದಿತು,
ಬುಧವಾರದ ಲೆಕ್ಕ ಅಲ್ಲಿಗೆ ಕೆಟ್ಟಿತು.
ಹಾರ್ನಿನವರನ್ನು ಎರಡು ಹೆಜ್ಜೆ ಒಳಗೆ ಎಳೆದೆವು.
ಹಾರ್ನು ಸರಿಯಾಯಿತು. ಯೂಫೋನಿಯಂ ಮಾಯ.

ಕಾರ್ನೆಟ್ ಚೌರಪ್ಪನಿಗೂ ಟ್ರಾಂಬೋನ್ ದಸ್ತಗೀರನಿಗೂ
ಎರಡು ವರ್ಷದಿಂದ ಮಾತಿಲ್ಲ.
ಕೆರಗೋಡಿನ ಮದುವೆ, ಮುನ್ನೂರು ರೂಪಾಯಿ.
ಎರಡು ತುದಿಗೆ ಕೂರಿಸಿದ್ದೆ, ಒಳ್ಳೇದಕ್ಕೇ.
ಅವನ ಸ್ವರಕ್ಕೂ ಇವನ ಸ್ವರಕ್ಕೂ
ಒಂದು ಕೂದಲಷ್ಟು ಅಂತರ.
ಅನ್ನದಲ್ಲಿ ಸಿಕ್ಕರೆ ಒಂದು ಕೂದಲೇ ಸಾಕು.

"ಇಬ್ಬರ್ನೂ ಪಕ್ಕಪಕ್ಕ ಕೂರ್ಸ್ಲಾ."
"ಜಗಳ ಆಡ್ತಾರೆ ಸಾ."
"ಬಾಯಲ್ಲಿ ಪೀಪಿ ಇಟ್ಕೊಂಡು
ಯಾವನ್ಲಾ ಜಗಳ ಆಡಾನು?"

ಕೂತರು. ಮುಖ ತಿರುಗಿಸಬಹುದು,
ಕಿವಿಯನ್ನು ಎಲ್ಲಿಗೆ ತಿರುಗಿಸೋದು?
ಮೂರನೇ ಸಲಕ್ಕೆ ಆ ಕೂದಲು ಸಿಗಲಿಲ್ಲ.
ಟೀ ಬಂದಾಗ ಒಬ್ಬ ಬಾಗಿಲ ಹತ್ತಿರ,
ಇನ್ನೊಬ್ಬ ನಲ್ಲಿ ಹತ್ತಿರ ನಿಂತು ಕುಡಿದರು.
ಅದು ನನ್ನ ಲೆಕ್ಕಕ್ಕೆ ಬರೋಲ್ಲ.

ಕುಂಟು ಕುರ್ಚಿ ಡ್ರಮ್ಮಿನ ಸಿದ್ಲಿಂಗಣ್ಣನಿಗೆ ಕೊಟ್ಟೆ.
"ನಾನು ನಿಂತ್ಕಂಡೇ ಹೊಡೆಯೋದು, ಬುಡು" ಅಂದು
ಅದರ ಮೇಲೆ ಟವೆಲು ಹಾಕಿದ.

ಒಂದು ಮಾತು. ಚೌರಪ್ಪನಿಗೆ ಬ್ಯಾಂಡು ಅಂದರೆ
ಪಕ್ಕದ ಟ್ರಾಂಬೋನು, ಅಷ್ಟೇ.
ಟ್ಯೂಬಾದ ಮರಿಯಪ್ಪನಿಗೆ
ಬೆವೆತ ಎಂಟು ಬೆನ್ನು.
ಮೇಷ್ಟ್ರು ತೀರ ಹತ್ತಿರ ನಿಂತಿರುತ್ತಾರೆ,
ಅವರಿಗೆ ಕೇಳಿಸೋದು ತಪ್ಪು ಮಾತ್ರ.
ಉಳಿದ ಮೂಟೆಗಳ ಮೇಲೆ ಹತ್ತಿ ಕೂತೆ,
ಜನ ಕೂರುವಷ್ಟು ದೂರದಲ್ಲಿ.
ಒಂದು ಸ್ವರವೂ ಊದಲು ಬಾರದ ನನಗೆ
ಹದಿನಾಲ್ಕೂ ಒಟ್ಟಿಗೆ ಬಂತು,
ಸ್ವಲ್ಪ ಬೆಲ್ಲದ ವಾಸನೆ ಹಿಡಿದು.

ಕೋಲು ತಗ್ಗಿತು. "ಹೆಂಗೈತೆ ಅಲ್ಲಿ?"
ಗಂಟಲಲ್ಲಿ ಏನೇನೋ ಇತ್ತು.
"ಎಡಗಡೆ ಮೂರನೇ ಕುರ್ಚಿ
ಒಂದು ಗೇಣು ಹಿಂದಕ್ಕೆ, ಸಾ" ಅಂದೆ.

ಮೇಷ್ಟ್ರೇ ಬಂದು ಎಳೆದರು.